ಐದು ಸೆಕೆಂಡು ಮುಂದಿದ್ದವನು

ಶನಿವಾರ ಬೆಳಿಗ್ಗೆ ಅಣ್ಣನ ಮಗಳು ನಡೀನಳ ಫೋನು ಬಂದಾಗ ಡೆಲ್ಮರ್ ತನ್ನ ಮನೆಗಾಡಿಯ ಕಿಟಕಿಯ ಪಕ್ಕ ಕೂತು ಹೆದ್ದಾರಿಯನ್ನೇ ನೋಡುತ್ತಿದ್ದ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಗುರುವಾರ ಬಿದ್ದ ಹಿಮವನ್ನು ವಯೋಮಿಂಗಿನ ಗಾಳಿ ಎರಡು ದಿನದಿಂದ ನೆಲದಿಂದ ಎಬ್ಬಿಸಿ ರಸ್ತೆಗೆ ಅಡ್ಡವಾಗಿ ಬೀಸುತ್ತಿತ್ತು. ಮೇಲೆ ಆಕಾಶ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವ ಹಾಗೆ ನೀಲಿಯಾಗಿತ್ತು. ಹೆದ್ದಾರಿಗೆ ಎರಡೂ ಕಡೆ ಗೇಟು ಇಳಿಸಿದ್ದರು. ಸಣ್ಣ ಕಾರಿಗೂ ದಾರಿಯಿಲ್ಲ ಅಂದಮೇಲೆ, ಹಾಸಿಗೆ, ಒಲೆ, ಪಾತ್ರೆ ಎಲ್ಲ ಹೊತ್ತುಕೊಂಡು ಓಡಾಡುವ ಬಸ್ಸಿನಷ್ಟು ದೊಡ್ಡ ಮನೆಗಾಡಿಗೆ ದಾರಿ ಎಲ್ಲಿಂದ ಬರಬೇಕು?

"ಅಂಕಲ್, ಅಪ್ಪ ನಿನ್ನೆಯಿಂದ ಕಣ್ಣು ಬಿಟ್ಟಿಲ್ಲ," ಅಂದಳು ನಡೀನ್. "ನರ್ಸ್ ಬಂದು ನೋಡಿದ್ಲು. ಇವತ್ತು ದಾಟೋದು ಕಷ್ಟ ಅಂತಾಳೆ."

"ನಾನು ಹೊರಟೇಬಿಡ್ತೀನಿ ಕಣಮ್ಮ."

"ಹೇಗೆ ಹೊರಡ್ತೀರಿ? ಹಾರ್ಕೊಂಡು ಬರ್ತೀರಾ?" ಅವಳ ದನಿ ನಡುವೆ ಒಡೆಯಿತು. "ಅಂಕಲ್, ಕಿವಿ ಇನ್ನೂ ಕೇಳಿಸುತ್ತಂತೆ. ಕೊನೇಗೆ ಹೋಗೋದು ಕಿವೀನೇ ಅಂತೆ. ಮಧ್ಯಾಹ್ನ ಮ್ಯಾಚಿದೆಯಲ್ಲ, ಯಾವತ್ತಿನ ಹಾಗೆ ಫೋನು ಹಚ್ಚಿ ಅಪ್ಪನ ದಿಂಬಿನ ಮೇಲೆ ಇಡ್ತೀನಿ. ನೀವು ನೋಡ್ತೀರಿ ತಾನೆ?"

"ನೋಡದೆ ಇರ್ತೀನಾ?" ಅಂದ ಡೆಲ್ಮರ್.

ಅಣ್ಣ ವರ್ಲಿನ್‌ಗೆ ಎಪ್ಪತ್ತಾರು, ಡೆಲ್ಮರನಿಗೆ ಎಪ್ಪತ್ತೊಂದು. ಹನ್ನೊಂದು ವರ್ಷದ ಹಿಂದೆ ಡೆಲ್ಮರನೂ ಅವನ ಹೆಂಡತಿ ಆರ್ಡಿತಳೂ ನೆಬ್ರಾಸ್ಕಾದಲ್ಲಿದ್ದ ಹೊಲ ಮಾರಿ ಈ ಗಾಡಿ ಹತ್ತಿದಾಗಿನಿಂದ, ಚೆಂಡನ್ನು ಕೈಯಲ್ಲಿ ಹಿಡಿದೋಡುವ ಅಮೆರಿಕದ ಫುಟ್‌ಬಾಲಿನ ಕಾಲದಲ್ಲಿ ಅಣ್ಣತಮ್ಮಂದಿರು ಒಂದು ಶನಿವಾರವನ್ನೂ ತಪ್ಪಿಸಿರಲಿಲ್ಲ. ಅವನು ತನ್ನ ಮನೆಯ ನಡುಮನೆಯಲ್ಲಿ, ಇವನು ದೇಶದ ಯಾವುದೋ ಮೂಲೆಯ ಯಾವುದೋ ಮರದಡಿಯಲ್ಲಿ, ನಡುವೆ ಫೋನು. ಊರಿನ ಕೆಂಪಂಗಿ ಹುಡುಗರು ಆಡುತ್ತಿದ್ದರು, ಇವರು ಬೈಯುತ್ತಿದ್ದರು. ಇತ್ತೀಚೆಗೆ ಆ ಹುಡುಗರು ಸೋಲುವುದನ್ನೇ ರೂಢಿ ಮಾಡಿಕೊಂಡಿದ್ದರಿಂದ ಬೈಗುಳಕ್ಕೆ ಬರವಿರಲಿಲ್ಲ.

ಒಂದೇ ಒಂದು ತೊಡಕಿತ್ತು. ವರ್ಲಿನ್ನನ ಟೀವಿಗೆ ಮನೆಯ ಮೇಲಿನ ಆಂಟೆನಾದಿಂದ ನೇರವಾಗಿ ಚಿತ್ರ ಬರುತ್ತಿತ್ತು. ಡೆಲ್ಮರನ ಚಿತ್ರ ಆಕಾಶಕ್ಕೆ ಹತ್ತಿ, ಉಪಗ್ರಹ ಮುಟ್ಟಿ, ಅಲ್ಲಿಂದ ಇವನ ಡಿಶ್ಶಿಗೆ ಇಳಿಯಬೇಕು. ಹೀಗಾಗಿ ಅಣ್ಣ ಯಾವಾಗಲೂ ಐದು ಸೆಕೆಂಡು ಮುಂದೆ. ಮೊದಲ ವರ್ಷ ವರ್ಲಿನ್ "ಹಾ, ಬಿಟ್ಟ ನೋಡು ಚೆಂಡು!" ಎಂದು ಕೂಗಿದ ಮೇಲೆ ಇವನ ಪರದೆಯಲ್ಲಿ ಆ ಹುಡುಗ ಚೆಂಡು ಬಿಡುತ್ತಿದ್ದ. ಅದಕ್ಕೊಂದು ದೊಡ್ಡ ಜಗಳವೇ ಆಗಿ, ಮೊದಲು ಕಂಡವನು ಬಾಯಿ ಬಿಡಕೂಡದು ಎಂದು ಕರಾರಾಯಿತು. ವರ್ಲಿನ್ ಮಾತಿಗೆ ತಪ್ಪಲಿಲ್ಲ. ಬಾಯಿ ಮುಚ್ಚಿಕೊಂಡ. ಆದರೆ ಮೂಗು ಮುಚ್ಚಿಕೊಳ್ಳಲು ಅವನಿಗೆ ಬರಲಿಲ್ಲ. ಒಳ್ಳೆಯದಾಗುವುದಿದ್ದರೆ ಸರ್ರನೆ ಉಸಿರು ಒಳಗೆಳೆದುಕೊಳ್ಳುತ್ತಿದ್ದ, ಕೆಟ್ಟದಾಗುವುದಿದ್ದರೆ ಉಸ್ಸೆಂದು ಹೊರಬಿಡುತ್ತಿದ್ದ. ಡೆಲ್ಮರನಿಗೆ ಎಲ್ಲ ಮುಂಚೆಯೇ ಗೊತ್ತಾಗಿಬಿಡುತ್ತಿತ್ತು. ಆದರೂ ಐದು ಸೆಕೆಂಡು ಕಾದು, ಆಗಷ್ಟೇ ಕಂಡವನ ಹಾಗೆ ಕೂಗುತ್ತಿದ್ದ. ಆ ಕೂಗು ಕೇಳಿದ ಮೇಲೆ ವರ್ಲಿನ್ "ನಂಗಾಗ್ಲೇ ಗೊತ್ತಿತ್ತು ಚಿಕ್ಕೋನೆ" ಅನ್ನುತ್ತಿದ್ದ.

"ನಿನ್ನ ಮೂಗು ಎಲ್ಲಾ ಹೇಳಿಬಿಡುತ್ತೆ ಅಂತ ಅಣ್ಣಂಗೆ ಹೇಳಬಾರ್ದಾ?" ಎಂದು ಆರ್ಡಿತ್ ಒಮ್ಮೆ ಕೇಳಿದ್ದಳು.

"ಹೇಳಿದ್ರೆ ನಿಲ್ಲಿಸ್ಬಿಡ್ತಾನೆ," ಅಂದಿದ್ದ ಡೆಲ್ಮರ್.

ಇವತ್ತು ಅವನಿಗೆ ಬೇಕಾಗಿದ್ದು ಇಷ್ಟೇ: ಒಂದೂವರೆಗೆ ಮ್ಯಾಚು ಶುರುವಾಗುವುದರೊಳಗೆ ಚಿತ್ರ ಬರಬೇಕು. ಅಣ್ಣನ ಕಿವಿಗೆ ತನ್ನ ಕೂಗು ಸರಿಯಾದ ಹೊತ್ತಿಗೆ ಬೀಳಬೇಕು. ಬರೀ ಫೋನಿನಲ್ಲಿ ಅಣ್ಣನ ಟೀವಿಯ ಸದ್ದು ಕೇಳಿ ಐದೆಣಿಸಿ ಕೂಗಿದರೂ ಅದು ಕಾಣದವನ ಕೂಗಾಗುತ್ತದೆ, ಸುಳ್ಳೆಂದು ಆ ಸ್ಥಿತಿಯಲ್ಲೂ ವರ್ಲಿನ್‌ಗೆ ಗೊತ್ತಾಗುತ್ತದೆ. ಕಳೆದ ತಿಂಗಳು ಒರೆಗಾನಿನಲ್ಲಿ ಮನೆಗಾಡಿಗಳು ತಂಗುವ ಒಂದು ಶಿಬಿರ ನೋಡಿಕೊಳ್ಳುವ ಕೆಲಸದಲ್ಲಿದ್ದಾಗಲೇ ಅವನು ಹೊರಡಬಹುದಿತ್ತು. ಚಳಿಗಾಲಕ್ಕೆ ನಲ್ಲಿಗಳನ್ನೆಲ್ಲ ಮುಚ್ಚಿಕೊಟ್ಟು ಬರುತ್ತೇನೆಂದು ಒಪ್ಪಿಕೊಂಡಿದ್ದ. "ಕೆಲಸ ಮುಗಿಸ್ಕೊಂಡು ಬಾ, ನಾನೆಲ್ಲಿಗೆ ಓಡ್ಹೋಗ್ತೀನಿ?" ಅಂದಿದ್ದ ವರ್ಲಿನ್. ಡೆಲ್ಮರ್ ಅದನ್ನು ನಂಬಿದ್ದ. ನಂಬುವುದು ಅವನಿಗೆ ಅನುಕೂಲವಾಗಿತ್ತು, ಅದಕ್ಕೇ ನಂಬಿದ್ದ. ಕೊನೆಗೆ ಅಣ್ಣನ ಊರಿಗೆ ಹೊರಟು ಗುರುವಾರ ಇಲ್ಲಿ ಸಿಕ್ಕಿಬಿದ್ದಾಗಿನಿಂದ ಆ ನಾಚಿಕೆ ಅವನನ್ನು ತಿನ್ನುತ್ತಿತ್ತು.

ಹನ್ನೊಂದಕ್ಕೆ ಅವನು ಹೊಟ್ಟೆಯ ಕೆಳಗಿನ ಪೆಟ್ಟಿಗೆ ತೆರೆದು ಡಿಶ್ಶು, ಮೂರು ಕಾಲಿನ ಸ್ಟ್ಯಾಂಡು, ಕೇಬಲ್ಲು ಎಲ್ಲ ಹೊರಗೆಳೆದ. ಹೊಟ್ಟೆಯೆಂದರೆ ಗಾಡಿಯದು. ಫೋನಿನಲ್ಲಿ ಮಾತು ಬರುತ್ತಿತ್ತೇ ಹೊರತು ಚಿತ್ರ ಬರುವಷ್ಟು ಜೀವ ಅಲ್ಲಿನ ಟವರಿಗಿರಲಿಲ್ಲ. ಅವರು ತಂಗಿದ್ದ ಈ ಶಿಬಿರದ ಕಚೇರಿಗೆ ಬೀಗ ಬಿದ್ದು ಎರಡು ವಾರವಾಗಿತ್ತು. ಈ ಡಿಶ್ಶೊಂದೇ ಗತಿ.

ಡಿಶ್ಶಿನ ವಿಷಯದಲ್ಲಿ ಡೆಲ್ಮರನಿಗೆ ಕೊಂಚ ಜಂಬವಿತ್ತು. ಹನ್ನೊಂದು ವರ್ಷದಲ್ಲಿ ಇನ್ನೂರು ಮುನ್ನೂರು ಕಡೆ ಅದನ್ನು ನಿಲ್ಲಿಸಿದ್ದ, ಒಬ್ಬರ ಸಹಾಯವನ್ನೂ ಕೇಳಿರಲಿಲ್ಲ. ಟೀವಿ ಪೆಟ್ಟಿಗೆಗೆ ಊರಿನ ಅಂಚೆ ಸಂಖ್ಯೆ ಕೊಟ್ಟರೆ ಅದು ಮೂರು ಅಂಕಿ ಹೇಳುತ್ತದೆ: ಯಾವ ದಿಕ್ಕಿಗೆ, ಎಷ್ಟು ಎತ್ತರಕ್ಕೆ, ಎಷ್ಟು ಓರೆಗೆ. ಎತ್ತರವನ್ನೂ ಓರೆಯನ್ನೂ ತಿರುಪು ಬಿಗಿದು ಕೂರಿಸಬಹುದು. ದಿಕ್ಕನ್ನು ಮಾತ್ರ ದಿಕ್ಸೂಚಿ ಹಿಡಿದು, ಕೈಯಲ್ಲೇ ತಿರುಗಿಸಿ ಹುಡುಕಬೇಕು. ಬೆರಳಿನಷ್ಟು ಆಚೀಚೆಯಾದರೆ ಬರಿ ಕತ್ತಲೆ. ಒಂದು ಚೂರು ತಿರುಗಿಸಬೇಕು, ಆರೆಣಿಸುವವರೆಗೆ ಸುಮ್ಮನಿರಬೇಕು, ಒಳಗಿರುವವರು ಪರದೆಯಲ್ಲಿ ಕಾಣುವ ಸಿಗ್ನಲಿನ ಅಂಕಿ ಕೂಗುವುದನ್ನು ಕೇಳಬೇಕು, ಮತ್ತೆ ಚೂರು ತಿರುಗಿಸಬೇಕು. ಒಳಗಿರುವವಳು ಯಾವಾಗಲೂ ಆರ್ಡಿತ್.

"ಈ ಗಾಳೀಲಿ ನಾನು ಕೂಗಿದ್ದು ನಿಂಗೆ ಕೇಳಿಸಲ್ಲ," ಅಂದಳು ಅವಳು. "ಮರದ ಸೌಟಲ್ಲಿ ಕಿಟಕಿ ಬಡೀತೀನಿ. ಒಂದೇಟು ಅಂದ್ರೆ ಏನೂ ಇಲ್ಲ. ಎರಡೇಟು ಅಂದ್ರೆ ಬರ್ತಿದೆ. ಒಂದೇ ಸಮನೆ ಬಡಿದ್ರೆ ಕೈ ಎತ್ತಿಬಿಡು, ಮುಟ್ಟಬೇಡ."

"ಗಾಜು ಒಡೀಬೇಡ."

"ಒಡೆದ್ರೆ ನಿನ್ನ ಟೋಪಿ ತುರುಕ್ತೀನಿ ಬಿಡು."

ಬೇರೆ ದಿನವಾದರೆ ಗಾಳಿಗೆ ಸ್ಟ್ಯಾಂಡು ಮಗುಚದಂತೆ ಅದರ ಕಾಲಿಗೆ ನಾಲ್ಕು ಕ್ಯಾನು ನೀರು ಕಟ್ಟುತ್ತಿದ್ದ. ಇಲ್ಲಿ ನಲ್ಲಿ ಹೆಪ್ಪುಗಟ್ಟಿತ್ತು, ಟ್ಯಾಂಕಿನಲ್ಲಿದ್ದ ನೀರು ಕುಡಿಯುವುದಕ್ಕೇ ಬೇಕಿತ್ತು. ಅದಕ್ಕೆ, ಹಿಮದ ದಾರಿಯಲ್ಲಿ ಚಕ್ರಕ್ಕೆ ಸುತ್ತುವ ಎರಡು ಜೊತೆ ಸರಪಳಿಯನ್ನು ಎಳೆದು ತಂದು ಮೂರು ಕಾಲಿಗೂ ಸುತ್ತಿ, ಮೇಲೆ ಗಾಡಿ ಎತ್ತುವ ಜಾಕನ್ನೂ ಹೇರಿದ. ಸ್ಟ್ಯಾಂಡು ಅಲ್ಲಾಡಲಿಲ್ಲ. ಓರೆಕೋರೆ ತೋರಿಸುವ ರಸಮಟ್ಟ ಇಟ್ಟು ನೋಡಿದ, ಗುಳ್ಳೆ ನಟ್ಟನಡುವೆ ನಿಂತಿತು. ಅವನಿಗೆ ಅರ್ಧ ಜೀವ ಬಂದ ಹಾಗಾಯಿತು.

ಶಿಬಿರಗಳಲ್ಲಿ ಒಂದು ಪದ್ಧತಿಯಿದೆ. ಯಾರೇ ಡಿಶ್ಶು ಹೊರತೆಗೆಯಲಿ, ಎಲ್ಲಿಂದಲೋ ಒಬ್ಬ ಗಂಡಸು ಜೇಬಿನಲ್ಲಿ ಕೈಯಿಟ್ಟುಕೊಂಡು ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಹಿಮ ಬೀಳಲಿ, ಬೆಂಕಿ ಬೀಳಲಿ, ಬಂದೇ ಬರುತ್ತಾನೆ. ಇಲ್ಲಿ ಅವರಂತೆಯೇ ಸಿಕ್ಕಿಬಿದ್ದಿದ್ದ ಇನ್ನೊಂದೇ ಒಂದು ಗಾಡಿಯಿಂದ ಅರ್ಕಾನ್ಸಾದ ಹಾಯ್ಟ್ ಎಂಬ ಭಾರಿ ಮನುಷ್ಯ ಇಳಿದು ಬಂದ.

"ಒಂಚೂರು ಮೇಲಕ್ಕೆತ್ತಿ ನೋಡಿ ಯಜಮಾನ್ರೇ," ಅಂದ.

"ಎತ್ತರ ಸರಿಯಿದೆ."

"ಹಂಗಾದ್ರೆ ಕೆಳಕ್ಕೆ."

ಡೆಲ್ಮರ್ ಕೆಲಸಕ್ಕೆ ಬಗ್ಗಿದ. ಸ್ಟ್ಯಾಂಡಿನ ಮೇಲೆ ದಿಕ್ಸೂಚಿ ಹಿಡಿದು ಗುರುತು ಮಾಡಿಕೊಂಡ. ಮುಳ್ಳು ಸ್ವಲ್ಪ ತೂಗಾಡಿ ನಿಂತಿತು. ಅಲ್ಲಿಂದ ಹುಡುಕತೊಡಗಿದ. ಚೂರು ಎಡಕ್ಕೆ. ಕಿಟಕಿಯಲ್ಲಿ ಒಂದೇಟು. ಇನ್ನು ಚೂರು ಎಡಕ್ಕೆ. ಒಂದೇಟು. ಬಲಕ್ಕೆ ಬಂದ. ಒಂದೇಟು, ಒಂದೇಟು, ಒಂದೇಟು. ಆ ಸೌಟಿನ ಸದ್ದು ಯಾರೋ ಬಾಗಿಲು ಮುಚ್ಚುತ್ತಿರುವಂತೆ ಅವನಿಗೆ ಕೇಳತೊಡಗಿತು. ಬೆರಳು ಮರಗಟ್ಟಿದವು. ಹನ್ನೆರಡು ದಾಟಿತು.

ಹನ್ನೆರಡೂವರೆಗೆ ಸೌಟು ಒಂದೇ ಸಮನೆ ಬಡಿಯಿತು. ಡೆಲ್ಮರ್ ಕೈ ಎತ್ತಿ, ಎದ್ದು, ಗಾಡಿಯ ಒಳಗೆ ಓಡಿದ. ಪರದೆಯ ಮೇಲೆ ಅಂಕಿ ನೂರಕ್ಕೆ ಎಂಬತ್ತೆಂಟು. ಕೆಳಗೆ ಮಾತ್ರ ಒಂದು ಸಾಲು ಹೊಳೆಯುತ್ತಿತ್ತು: ಇದು ನಿಮ್ಮ ಉಪಗ್ರಹವಲ್ಲ.

"ಯಾರದ್ದೋ ಬೇರೆಯವರದು," ಅಂದಳು ಆರ್ಡಿತ್ ಮೆಲ್ಲಗೆ. "ಕ್ಷಮಿಸು, ನಾನು ಅಂಕಿ ನೋಡಿದ ಖುಷೀಲಿ ಬಡಿದ್ಬಿಟ್ಟೆ."

ಡೆಲ್ಮರ್ ಬೆಂಚಿನ ಮೇಲೆ ಕುಸಿದು ಕೂತ. "ನಾನು ಮುದಿಯನಾಗಿಬಿಟ್ಟೆ ಕಣೇ. ನಂಗೆ ಅಣ್ಣನ ಹತ್ರ ಹೋಗೋಕೂ ಆಗ್ಲಿಲ್ಲ. ಇದೊಂದು ತಗಡು ತಿರುಗಿಸೋಕೂ ಆಗ್ತಿಲ್ಲ."

ಆರ್ಡಿತ್ ಸಮಾಧಾನ ಹೇಳುವ ಪೈಕಿ ಅಲ್ಲ. ಕೋಟು ಹಾಕಿಕೊಂಡು, ಸೌಟನ್ನು ಕೈಯಲ್ಲೇ ಹಿಡಿದು, ತಾನೇ ಹೊರಗೆ ಹೋದಳು. ಅವನೂ ಹಿಂದೆ ಬಂದ. ಅವಳು ಡಿಶ್ಶಿನ ಪಕ್ಕ ನಿಂತು ಅದು ನೋಡುತ್ತಿದ್ದ ಕಡೆ ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿ ಹಿಮದ ಮೇಲೆ ಬಿದ್ದಿದ್ದ ತನ್ನ ನೆರಳನ್ನು ನೋಡಿದಳು.

"ಡೆಲ್, ಗಂಟೆ ಎಷ್ಟು?"

"ಒಂದಕ್ಕೆ ಹತ್ತು ನಿಮಿಷ. ಯಾಕೆ?"

"ನಾನು ಮೂವತ್ತೈದು ವರ್ಷ ಬಯಲಲ್ಲಿ ಬಟ್ಟೆ ಒಣಗಿಸಿದೀನಿ. ಈ ತಿಂಗಳಲ್ಲಿ ಒಂದು ಗಂಟೆ ಸುಮಾರಿಗೆ ನೆರಳು ಎತ್ತ ಬೀಳುತ್ತೆ ಅಂತ ನಂಗೊತ್ತು. ನೇರ ಉತ್ತರಕ್ಕೆ." ಸೌಟು ಎತ್ತಿ ತೋರಿಸಿದಳು. "ಸೂರ್ಯನ ದಕ್ಷಿಣ ಅಲ್ಲಿದೆ. ನಿನ್ನ ದಕ್ಷಿಣ ಇಲ್ಲಿದೆ. ಇಬ್ಬರಲ್ಲಿ ಯಾರೋ ಒಬ್ರು ಸುಳ್ಳು ಹೇಳ್ತಿದೀರ."

ಡೆಲ್ಮರ್ ಸೂರ್ಯನನ್ನು ನೋಡಿದ. ಕೈಯಲ್ಲಿದ್ದ ದಿಕ್ಸೂಚಿ ನೋಡಿದ. ಆಮೇಲೆ ಸ್ಟ್ಯಾಂಡಿನ ಕಾಲಿಗೆ ಸುತ್ತಿದ್ದ ಸರಪಳಿಯನ್ನೂ ಅದರ ಮೇಲಿದ್ದ ಜಾಕನ್ನೂ ನೋಡಿದ. ಮೂರು ಹೆಜ್ಜೆ ಹಿಂದಕ್ಕೆ ಹೋದ. ಮುಳ್ಳು ನಿಧಾನವಾಗಿ ತಿರುಗಿ, ತಪ್ಪೊಪ್ಪಿಕೊಂಡ ಹಾಗೆ ಬೇರೆ ಕಡೆಗೆ ನಿಂತಿತು.

ಹೊಸಬರು ಗಾಡಿಯ ಪಕ್ಕವೇ ನಿಂತು ದಿಕ್ಸೂಚಿ ಹಿಡಿಯುವುದನ್ನು ಕಂಡು ಅವನು ಎಷ್ಟು ಸಲ ನಕ್ಕಿದ್ದನೋ. ಕಬ್ಬಿಣ ಮುಳ್ಳನ್ನು ಎಳೆಯುತ್ತದೆಂದು ಎಷ್ಟು ಜನಕ್ಕೆ ಪಾಠ ಹೇಳಿದ್ದನೋ. ಇವತ್ತು ಗಾಡಿಯಿಂದ ಮೂವತ್ತು ಅಡಿ ದೂರ ಬಂದು, ಒಂದು ಮಣ ಕಬ್ಬಿಣವನ್ನು ತಾನೇ ಹೊತ್ತು ತಂದು ಮುಳ್ಳಿನ ಕೆಳಗೆ ರಾಶಿ ಹಾಕಿ, ಎರಡು ಗಂಟೆ ಕಾಲ ಅದನ್ನೇ ನಂಬಿ ಕೂತಿದ್ದ.

"ಕತ್ತೆ," ಅಂದ, ತನಗೇ.

"ಅದನ್ನ ಆಮೇಲೆ ವಿಚಾರಿಸೋಣ," ಅಂದಳು ಆರ್ಡಿತ್. "ಮೊದ್ಲು ತಿರುಗಿಸು."

ದಿಕ್ಸೂಚಿಯನ್ನು ಜೇಬಿಗೆ ಹಾಕಿದ. ಪೆಟ್ಟಿಗೆ ಹೇಳಿದ ದಿಕ್ಕು ನೇರ ದಕ್ಷಿಣದಿಂದ ಹತ್ತು ಡಿಗ್ರಿ ಪಶ್ಚಿಮಕ್ಕಿತ್ತು. ಚಾಚಿದ ಕೈಯ ಒಂದು ಮುಷ್ಟಿ ಎಂದರೆ ಹತ್ತು ಡಿಗ್ರಿ. ವರ್ಲಿನ್ ಹೊಲದಲ್ಲಿ ಹೇಳಿಕೊಟ್ಟ ಲೆಕ್ಕ. ಕಣ್ಣು ಕಿರಿದು ಮಾಡಿ ಸೂರ್ಯನ ಬಲಪಕ್ಕಕ್ಕೆ ಒಂದು ಮುಷ್ಟಿ ಅಳೆದು, ಡಿಶ್ಶನ್ನು ಅತ್ತ ತಿರುಗಿಸಿದ. ಆರ್ಡಿತ್ ಒಳಗೆ ಹೋದಳು. ಒಂದೇಟು. ಚೂರು ಬಲಕ್ಕೆ. ಎರಡೇಟು. ಕೂದಲೆಳೆಯಷ್ಟು ಬಲಕ್ಕೆ. ಸೌಟು ಬಡಿಯಿತು, ಬಡಿಯುತ್ತಲೇ ಇತ್ತು, ಈ ಸಲ ಆರ್ಡಿತ್ ಪರದೆಯ ಕೆಳಗಿನ ಸಾಲನ್ನೂ ಓದಿಕೊಂಡೇ ಬಡಿದಿದ್ದಳು.

ಆಗಲೇ ಒಂದು ದೊಡ್ಡ ಗಾಳಿ ಬಂದು ಡಿಶ್ಶಿನ ಬೆನ್ನಿಗೆ ಹೊಡೆಯಿತು. ಕಾಲು ಅಲ್ಲಾಡಲಿಲ್ಲ, ಮೇಲಿನ ಕಂಬ ಮಾತ್ರ ನಡುಗಿತು. ಕಿಟಕಿಯಲ್ಲಿ ಒಂದೇಟು. ಗಾಳಿ ಹೋಯಿತು, ಎರಡೇಟು.

ಹಾಯ್ಟ್ ಅಷ್ಟು ಹೊತ್ತಿಗೆ ಮೊದಲ ಸಲ ಜೇಬಿನಿಂದ ಕೈ ಹೊರತೆಗೆದ. ಒಂದು ಬಕೆಟ್ಟನ್ನು ಕವುಚಿ ಹಾಕಿ, ಅದರ ಮೇಲೆ ತನ್ನ ಭಾರವನ್ನೆಲ್ಲ ಇಳಿಸಿ, ಎರಡೂ ಕೈಯಲ್ಲಿ ಕಂಬವನ್ನು ತಬ್ಬಿದ. "ನಂದು ತೂಕ ಇನ್ನೂರ ಎಂಬತ್ತು ಪೌಂಡು. ನನ್ನ ಹೆಂಡ್ರು ಇದ್ದಿದ್ರೆ ಇವತ್ತು ಇದು ಉಪಯೋಗಕ್ಕೆ ಬಂತು ಅಂತ ನಗೋಳು. ಹೋಗಿ ಯಜಮಾನ್ರೇ, ಮ್ಯಾಚು ನೋಡಿ."

"ಮೂರು ಗಂಟೆ ಹೊತ್ತು ಆಗುತ್ತೆ, ಮಾರಾಯ್ರೆ. ಈ ಚಳೀಲಿ..."

"ನಿಮ್ಮಣ್ಣನ ವಿಷ್ಯ ಅಮ್ಮಾವ್ರು ನಿನ್ನೆ ಹೇಳಿದ್ರು. ಹೋಗಿ."

ಒಂದೂವರೆಗೆ ನಡೀನ್ ಫೋನು ಹಚ್ಚಿದಳು. ಡೆಲ್ಮರ್ ಅದನ್ನು ಜೋರು ಮಾಡಿ ಮೇಜಿನ ಮೇಲಿಟ್ಟ. ಅತ್ತ ಕಡೆಯ ಟೀವಿಯ ಸದ್ದನ್ನು ನಡೀನ್ ಅಪ್ಪನಿಗಷ್ಟೇ ಕೇಳುವಷ್ಟು ತಗ್ಗಿಸಿದ್ದಳು. ಕೇಳಿಸುತ್ತಿದ್ದುದು ಅಣ್ಣನ ಉಸಿರು ಮಾತ್ರ. ಒಂದು ಬರುತ್ತಿತ್ತು, ಆಮೇಲೆ ಬಹಳ ಹೊತ್ತು ಬರುತ್ತಿರಲಿಲ್ಲ, ಮತ್ತೆ ಒಂದು ಬರುತ್ತಿತ್ತು.

"ವರ್ಲಿನ್, ನಾನು ಕಣೋ. ಇಲ್ಲೇ ಇದೀನಿ. ಚಿತ್ರ ಬಂದಿದೆ," ಅಂದ ಡೆಲ್ಮರ್.

ಆಟ ಶುರುವಾಯಿತು. ಕೆಂಪಂಗಿಗಳು ಮೊದಲ ಹತ್ತು ನಿಮಿಷದಲ್ಲೇ ಎರಡು ಸಲ ಚೆಂಡು ಕಳೆದುಕೊಂಡರು. ಡೆಲ್ಮರ್ ಬಾಯಿತುಂಬ ಬೈದ. ಬೈಯುವಾಗ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬರದಂತೆ ನೋಡಿಕೊಂಡ. ಎರಡನೇ ಸಲ ಚೆಂಡು ಹೋಗುವ ಮೊದಲು ಫೋನಿನಲ್ಲಿ ಒಂದು ಉಸ್ಸೆಂಬ ಸದ್ದು ಬಂತು. ಡೆಲ್ಮರ್ ತಟ್ಟನೆ ಆರ್ಡಿತಳ ಮುಖ ನೋಡಿದ. ಅವಳೂ ಕೇಳಿಸಿಕೊಂಡಿದ್ದಳು. ಅವನು ಬೆರಳು ಮಡಿಸಿ ಎಣಿಸಿದ. ಐದಕ್ಕೆ ಸರಿಯಾಗಿ ಹುಡುಗ ಚೆಂಡು ಬಿಟ್ಟ.

"ಇದಾನೆ," ಅಂದ ಡೆಲ್ಮರ್. "ನಮ್ಮ ಜೊತೆಗೇ ನೋಡ್ತಿದಾನೆ."

ಮೂರನೇ ಭಾಗದ ಹೊತ್ತಿಗೆ ಕೆಂಪಂಗಿಗಳು ಇಪ್ಪತ್ತೊಂದು ಅಂಕ ಹಿಂದಿದ್ದರು. ಗೆಲ್ಲುವ ಮಾತಿರಲಿಲ್ಲ. ಎರಡು ಕಂಬದ ನಡುವೆ ಚೆಂಡು ಒದ್ದು ಮರ್ಯಾದೆಗೆ ಮೂರು ಅಂಕವಾದರೂ ತರಲೆಂದು ಒದೆಯುವ ಹುಡುಗನನ್ನು ಕಳಿಸಿದರು. ದೂರ ಬಹಳ, ಗಾಳಿ ಎದುರು. ಹುಡುಗ ಹೆಜ್ಜೆ ಎಣಿಸಿಕೊಂಡು ಹಿಂದಕ್ಕೆ ಸರಿದು ನಿಂತ.

ಫೋನಿನಲ್ಲಿ ಸರ್ರನೆ ಉಸಿರು ಒಳಗೆಳೆದ ಸದ್ದು ಬಂತು.

ಹೋಗುತ್ತದೆ ಎಂದು ಡೆಲ್ಮರನಿಗೆ ಗೊತ್ತಾಯಿತು. ಎಂದಿನಂತೆ ಮುಖ ಗಂಟು ಹಾಕಿಕೊಂಡು, ಏನೂ ತಿಳಿಯದವನಂತೆ ಮುಂದಕ್ಕೆ ಬಾಗಿದ. ಹುಡುಗ ಓಡಿಬಂದು ಒದ್ದ. ಚೆಂಡು ಎದ್ದು, ಗಾಳಿಗೆ ವಾಲಿ, ಎಡಗಂಬಕ್ಕೆ ತಾಗಿಯೇ ಬಿಟ್ಟಿತೆನ್ನುವಷ್ಟು ಹತ್ತಿರದಿಂದ ಒಳಗೆ ದಾಟಿತು.

"ಹೋಯ್ತು! ವರ್ಲಿನ್, ಹೋಯ್ತು ಕಣೋ!"

ಆ ಒಳಗೆಳೆದ ಉಸಿರು ಹೊರಗೆ ಬರಲಿಲ್ಲ. ಡೆಲ್ಮರ್ ಕಾದ. ಪರದೆಯ ಮೇಲೆ ಅದೇ ಒದೆತವನ್ನು ಇನ್ನೊಮ್ಮೆ ತೋರಿಸಿದರು, ಮತ್ತೊಮ್ಮೆ ತೋರಿಸಿದರು. ಆಮೇಲೆ ನಡೀನಳ ದನಿ ಬಂತು, ಬಹಳ ಹತ್ತಿರದಿಂದ.

"ಅಂಕಲ್. ಅಪ್ಪ ಹೋದ್ರು."

ಆರ್ಡಿತ್ ಗಂಡನ ಬೆನ್ನ ಮೇಲೆ ಕೈಯಿಟ್ಟಳು. ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಾನು ಬರಬೇಕಿತ್ತು," ಅಂದ. "ಹೋದ ತಿಂಗಳೇ ಬರಬೇಕಿತ್ತು. ಅವನ ಮಾತು ಕೇಳಿ ಅಲ್ಲೇ ಉಳಿದ್ಬಿಟ್ಟೆ. ಅವನ ಉಸಿರಲ್ಲಿ ನಂಗೆಲ್ಲಾ ಗೊತ್ತಾಗ್ತಿತ್ತು ಅನ್ನೋದನ್ನೂ ಹೇಳಲಿಲ್ಲ ಕಣಮ್ಮ."

"ಅಪ್ಪಂಗೆ ಗೊತ್ತಿತ್ತು ಅಂಕಲ್," ಅಂದಳು ನಡೀನ್ ಅಳುತ್ತಲೇ. "ಬೇಕಂತಲೇ ಮಾಡ್ತಿದ್ರು. ನನ್ನ ಕಡೆ ಕಣ್ಣು ಹೊಡೆದು ಮಾಡ್ತಿದ್ರು. 'ಚಿಕ್ಕೋನಿಗೆ ಕಾಯೋಕಾಗಲ್ಲ, ಮೊದಲಿಂದ್ಲೂ ಪುಕ್ಕಲ' ಅಂತಿದ್ರು."

ಹನ್ನೊಂದು ವರ್ಷ ಅಣ್ಣನಿಗಾಗಿ ನಾಟಕವಾಡುತ್ತಿರುವವನು ತಾನೇ ಎಂದು ಡೆಲ್ಮರ್ ತಿಳಿದಿದ್ದ.

"ನರ್ಸ್ ಬರೋಕೆ ಒಂದು ಗಂಟೆ ಆಗುತ್ತೆ," ಅಂದಳು ನಡೀನ್. "ಮ್ಯಾಚು ಇನ್ನೂ ಇದೆ. ಫೋನು ಅಪ್ಪನ ಪಕ್ಕದಲ್ಲೇ ಇರ್ಲಿ. ನೀವು ಪೂರ್ತಿ ನೋಡಿ ಅಂಕಲ್."

ಅವನು ಪೂರ್ತಿ ನೋಡಿದ. ಕೂಗಬೇಕಾದಲ್ಲಿ ಕೂಗಿದ, ಬೈಯಬೇಕಾದಲ್ಲಿ ಬೈದ. ಫೋನು ಸುಮ್ಮನಿತ್ತು. ಚೆಂಡು ಮೇಲೆದ್ದಾಗಲೆಲ್ಲ ಅದು ಎಲ್ಲಿ ಬೀಳುತ್ತದೆಂದು ಅವನಿಗೆ ತಿಳಿಯುತ್ತಿರಲಿಲ್ಲ, ಬೀಳುವವರೆಗೆ ಕಾಯಬೇಕಾಗುತ್ತಿತ್ತು. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಆಟ ಮುಗಿದ ಮೇಲೆ ಟೋಪಿ ಹಾಕಿಕೊಂಡು ಹೊರಗೆ ಹೋದ. ಹಾಯ್ಟ್ ಬಕೆಟ್ಟಿನ ಮೇಲೆ ಹಾಗೆಯೇ ಕಂಬ ತಬ್ಬಿ ಕೂತಿದ್ದ. ಗಡ್ಡದ ತುಂಬ ಹಿಮ ಕೂತಿತ್ತು.

"ಅಲ್ಲಾಡ್ಲಿಲ್ಲ ತಾನೆ ಯಜಮಾನ್ರೇ? ಕೊನೇವರೆಗೂ ಬಂತಾ?"

"ಬಂತು. ಒಂದು ಸಲಾನೂ ಹೋಗ್ಲಿಲ್ಲ."

"ಗೆದ್ರಾ?"

"ಸೋತ್ವಿ."

ಹಾಯ್ಟ್ ಅವನ ಮುಖ ನೋಡಿದ. "ಬಿಡ್ಲಾ ಹಂಗಾದ್ರೆ?" ಅಂದ.

"ಬಿಡಿ."

ಬಿಡುವುದಕ್ಕೆ ನೋಡಿದ. ಬೆರಳುಗಳು ಕಂಬಕ್ಕೆ ಸೆಟೆದುಕೊಂಡು ಬರಲಿಲ್ಲ. ಡೆಲ್ಮರ್ ಹಿಮದ ಮೇಲೆ ಮಂಡಿಯೂರಿ, ಹಾಯ್ಟನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.